ಮುಳುಗಿದ ಓಣಿಯ ಗೆಳೆಯ

ಐವತ್ತೇಳರ ವಯಸ್ಸಿನಲ್ಲಿ ಹೊಸ ಗೆಳೆಯರನ್ನು ಹುಡುಕುವುದೆಂದರೆ ಹಲ್ಲು ಬಿದ್ದ ಮೇಲೆ ಕಬ್ಬು ತಿನ್ನಲು ಹೊರಟ ಹಾಗೆ. ಆಸೆಗೇನೂ ಕೊರತೆಯಿಲ್ಲ, ತ್ರಾಣವಿಲ್ಲ. ಹಾವೇರಿಯಿಂದ ಬಾಗಲಕೋಟೆಗೆ ವರ್ಗವಾಗಿ ಬಂದ ಮೇಲೆ ಪ್ರತಿ ಭಾನುವಾರ ನನಗೆ ಇದೇ ಪಾಡು. ಆರಾಧನೆ ಮುಗಿದೊಡನೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಚಹಾ, ಅವಲಕ್ಕಿ ಚೂಡಾ. ಸಭಾಪಾಲಕರ ಒಂದು ಗಂಟೆಯ ಪ್ರಸಂಗವನ್ನು ನಾನು ಸುಖವಾಗಿ ತೂಕಡಿಸಿ ಕಳೆಯಬಲ್ಲೆ. ಆಮೇಲಿನ ಈ ಅರ್ಧ ಗಂಟೆಯೇ ನನ್ನನ್ನು ಹಣ್ಣು ಮಾಡುತ್ತಿತ್ತು. ನನ್ನ ಹೆಂಡತಿ ಸುಗುಣಾ ಮೊದಲ ವಾರವೇ ನಾಲ್ಕು ಮನೆಯ ಊಟದ ಕರೆ ಸಂಪಾದಿಸಿದಳು. ನಾನು ಗೋಡೆಗೊರಗಿ ಚೂಡಾದಲ್ಲಿನ ಶೇಂಗಾ ಆರಿಸುತ್ತಿದ್ದೆ. "ಮನ್ಯಾಗ ದಿನಾ ನನ್ನ ತಲಿ ತಿಂತೀರಿ. ಯಾರರೆ ಒಬ್ರನ್ನ ದೋಸ್ತಿ ಮಾಡ್ಕೊರಿ," ಎಂದು ಬೈದಳು. ಬೈದದ್ದು ತಪ್ಪಲ್ಲ. ಮಾತಾಡಲು ನನಗೆ ಅವಳೊಬ್ಬಳೇ ಇದ್ದಳು. ನಿವೃತ್ತಿಯಾದ ಮೇಲೆ ನಮ್ಮಿಬ್ಬರ ಗತಿಯೇನೆಂಬ ಭಯ ನನಗೂ ಇತ್ತು.

ಇಲ್ಲಿಯ ನನ್ನ ವಯಸ್ಸಿನವರೆಲ್ಲ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಓಣಿಗಳನ್ನು ಬಿಟ್ಟು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದವರು. ಮೊದಲು ಕೇಳುವುದೇ, "ಹಳೇ ಊರಾಗ ನಿಮ್ಮ ಮನಿ ಎಲ್ಲಿತ್ತ್ರಿ?" ನಾನು ಹಾವೇರಿಯವನೆಂದರೆ, "ಹೌದಾ? ಚಲೋ ಆತು ಬಿಡ್ರಿ," ಎಂದು ನಕ್ಕು ಮತ್ತೆ ತಮ್ಮ ಓಣಿಗೆ ಹೋಗಿಬಿಡುತ್ತಿದ್ದರು. ನನ್ನೂರು ಮುಳುಗದೆ ಉಳಿದದ್ದಕ್ಕೆ ನಾನು ಮೊದಲ ಬಾರಿ ನಾಚಿಕೊಂಡೆ.

ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿಯ ಪ್ರಭಾಕರ ಎಂಬವರು ಬಂದು ಅದೇ ಪ್ರಶ್ನೆ ಕೇಳಿದರು. ನನಗೆ ಸಾಕಾಗಿತ್ತು. "ಹೊಳಿ ಕಡೆ, ಸಾಲಿ ಹಿಂದಿನ ಓಣ್ಯಾಗ್ರಿ," ಎಂದುಬಿಟ್ಟೆ. ಯಾವ ಊರಿನಲ್ಲಾದರೂ ಶಾಲೆಯ ಹಿಂದೊಂದು ಓಣಿ ಇರಲೇಬೇಕೆಂಬ ಧೈರ್ಯ.

ಅವರ ಮುಖ ಅರಳಿತು. "ಅಲ್ಲೊಂದು ಬೇವಿನ ಗಿಡ ಇತ್ತಲ್ರಿ?"

"ಅದರ ಕಟ್ಟಿ ಮ್ಯಾಲ ಆಡೇ ಬೆಳದೇನ್ರಿ!"

ಮೂರು ಭಾನುವಾರ ನಾವು ಆ ಓಣಿಯನ್ನು ಬಿಟ್ಟು ಕದಲಲಿಲ್ಲ. ನಾನೊಂದು ಬಾವಿ ತೋಡಿದರೆ ಅವರು ಅದಕ್ಕೆ ಸಿಹಿನೀರು ತುಂಬಿದರು. ನಾನೊಬ್ಬ ಜಿಪುಣ ಕಿರಾಣಿಯವನನ್ನು ತಂದು ಕೂರಿಸಿದೆ. ಅವರು ಅವನಿಗೊಬ್ಬ ಜಗಳಗಂಟಿ ಹೆಂಡತಿಯನ್ನು ನೆನಪು ಮಾಡಿಕೊಂಡರು. ಒಮ್ಮೆ ಅವರ ಕಣ್ಣು ಒದ್ದೆಯಾಯಿತು. ಸುಳ್ಳೇಕೆ, ನನ್ನದೂ ಆಯಿತು. ಮನೆಯಲ್ಲಿ ಸುಗುಣಾಳ ತಲೆ ಉಳಿಯಿತು.

ನಾಲ್ಕನೆಯ ವಾರ ಸಭಾಪಾಲಕರು ಸುಳ್ಳಾಡುವುದರ ಮೇಲೆಯೇ ಪ್ರಸಂಗ ಮಾಡಬೇಕೆ? ಅಂದು ತೂಕಡಿಕೆಯೂ ಬರಲಿಲ್ಲ. ಸಿಕ್ಕ ಒಬ್ಬ ಗೆಳೆಯನೂ ಹೋಗುತ್ತಾನೆಂದು ಗೊತ್ತಿದ್ದೂ ಹೇಳಿಬಿಟ್ಟೆ: "ಪ್ರಭಾಕರ ಸರ, ತಪ್ಪಾತ್ರಿ. ನಾ ಹಾವೇರಿಯಾಂವ. ನಿಮ್ಮ ಹಳೇ ಊರು ಕಣ್ಣಿಲೆ ನೋಡಿಲ್ಲ. ಒಬ್ಬಾವನ ನಿಂತು ನಿಂತು ಭಾಳ ಬ್ಯಾಸರಾಗಿತ್ರಿ."

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ನಾ ಗದಗಿನಾಂವ್ರಿ," ಎಂದರು. "ಆ ಓಣಿ ನಾನೂ ನೋಡಿಲ್ಲ. ಬಂದು ಆರು ವರ್ಷ ಆತು. ನಿಮ್ಮಷ್ಟು ಮಾತು ನನ್ನ ಜೋಡಿ ಇಲ್ಲಿ ಯಾರೂ ಆಡಿದ್ದಿಲ್ಲ."

ನನಗೆ ವಿಪರೀತ ಸಿಟ್ಟು ಬಂತು. ನಂಬಿದ ಮನುಷ್ಯನಿಗೆ ಮೂರು ವಾರ, ಅದೂ ಚರ್ಚಿನ ಆವರಣದಲ್ಲಿ, ಹೀಗೆ ಸುಳ್ಳು ಹೇಳಬಹುದೆ? ಇಂಥವರ ಸಹವಾಸವೇ ಬೇಡವೆಂದು ಸಭಾಂಗಣದ ಸುತ್ತ ಕಣ್ಣಾಡಿಸಿದೆ. ಬೇರೆ ಯಾರೂ ನನ್ನನ್ನು ಕರೆಯುವ ಲಕ್ಷಣ ಕಾಣಲಿಲ್ಲ. ಕ್ಷಮಿಸುವುದೇ ಕ್ರೈಸ್ತನ ಧರ್ಮವೆಂದುಕೊಂಡು ಅಲ್ಲಿಯೇ ನಿಂತೆ.