ದೇರಪ್ಪನ ಪಂಚರ್ ಸಿದ್ಧತೆ

ನಂಜಪ್ಪನ ಚೀಟಿ ಬಂದದ್ದು ಗುರುವಾರ ಸಂಜೆ, ವಿರಾಜಪೇಟೆ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಕಂದು ಕಾಗದದ ಚೂರಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದ: 'ದೇರಪ್ಪನವರೇ, ನಾಳೆ ಹನ್ನೊಂದು ಗಂಟೆಗೆ ವಿರಾಜಪೇಟೆಯ ಸುಬೇದಾರ್ ಉತ್ತಯ್ಯನವರ ಮನೆಗೆ ತಪ್ಪದೆ ಬರುವುದು. ಕಾರಿನಲ್ಲೇ ಬರುವುದು. ಅವರ ಮಗಳು ದಮಯಂತಿ ನೋಡಿ ಮೆಚ್ಚಿದರೆ ಕೆಲಸ ಮುಗಿದಂತೆ. ಸುಬೇದಾರರಿಗೆ ಒಂದು ನಿಮಿಷ ತಡವಾದರೂ ಆಗದು. ಹನ್ನೆರಡಕ್ಕೆ ಇನ್ನೊಂದು ಪಾರ್ಟಿ ಬರುತ್ತದೆ.'

ದೇರಪ್ಪ ಶ್ರೀಮಂಗಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಳ್ಳೆಯ ಮನುಷ್ಯ, ದುಂಡು ಅಕ್ಷರ, ಮೂವತ್ತೆರಡು ತುಂಬಿದರೂ ಮದುವೆ ಆಗಿರಲಿಲ್ಲ. ಕಾಫಿ, ಕರಿಮೆಣಸು, ಹಾಲು ಕರೆಯುವ ಎಮ್ಮೆ, ಮದುವೆಯ ಸಂಬಂಧ, ಹೀಗೆ ದಕ್ಷಿಣ ಕೊಡಗಿನಲ್ಲಿ ಕೈಯಿಂದ ಕೈಗೆ ಹೋಗುವ ಯಾವುದಕ್ಕೂ ದಲ್ಲಾಳಿಯಾಗಿದ್ದ ನಂಜಪ್ಪನ ಕಿವಿಯಲ್ಲಿ ಅವನು ಮೂರು ತಿಂಗಳ ಹಿಂದೆಯೇ ಒಂದು ಮಾತು ಹಾಕಿಟ್ಟಿದ್ದ. ಈಗ ಚೀಟಿ ಬಂತು. ಅದನ್ನು ಏಳು ಸಲ ಓದಿದ. 'ದಮಯಂತಿ' ಎಂಬಲ್ಲಿಗೆ ಬಂದಾಗಲೆಲ್ಲ ಸ್ವಲ್ಪ ನಿಂತು ಓದಿದ.

ಸಂತೋಷ ಅರ್ಧ ಗಂಟೆ ಇತ್ತು. ಆಮೇಲೆ ಟಯರಿನ ನೆನಪಾಯಿತು.

ಕಾರು ಎಸ್ಟೇಟಿನ ಬಿಳಿಯ ದೊರೆಯದು. ದೊರೆ ಎಸ್ಟೇಟು ಬಿಟ್ಟು ಹಡಗು ಹತ್ತುವ ಮೊದಲು, ತನ್ನ ನೆಚ್ಚಿನ ರೈಟರನ ಬೆನ್ನು ತಟ್ಟಿ, ನೀನೇ ಇಟ್ಟುಕೋ ಎಂದು ಬೀಗದ ಕೈ ಕೊಟ್ಟು ಹೋಗಿದ್ದ. ಇಬ್ಬರೇ ಕೂರುವ, ಮೇಲೆ ಮಾಡು ಇಲ್ಲದ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಎಷ್ಟು ಗಿಡ್ಡವೆಂದರೆ, ಎದುರಿಗೆ ಬಂದ ಎತ್ತು ಅದನ್ನು ಬಗ್ಗಿ ನೋಡಿ ಮುಂದೆ ಹೋಗುತ್ತಿತ್ತು. ಆಗ ಕೊಡಗು ತನ್ನದೇ ವಿಧಾನಸಭೆ ಇದ್ದ ಒಂದು ರಾಜ್ಯ. ಆ ಇಡೀ ರಾಜ್ಯದಲ್ಲಿ ಆ ಅಳತೆಯ ಟಯರು ಸಿಗುತ್ತಿರಲಿಲ್ಲ. ಇದ್ದ ನಾಲ್ಕು ಟಯರುಗಳು ಸವೆದು ದೇರಪ್ಪನ ನೆತ್ತಿಯಂತೆ ನುಣ್ಣಗಾಗಿದ್ದವು. ಹಿಂದಿನ ಸಲ ಪೊನ್ನಂಪೇಟೆಗೆ ಹೋಗಿಬರುವಷ್ಟರಲ್ಲಿ ಎರಡು ಪಂಚರ್ ಆಗಿ, ಅವನು ಮನೆ ಮುಟ್ಟಿದಾಗ ಅಂಗಿಯ ಬಣ್ಣ ಯಾವುದೆಂದು ಅವನಿಗೇ ಮರೆತುಹೋಗಿತ್ತು.

ಈ ಸಲ ಹಾಗಾಗಬಾರದೆಂದು ದೇರಪ್ಪ ಶುಕ್ರವಾರ ಬೆಳಕು ಹರಿಯುವ ಮೊದಲೇ ಎದ್ದು ಅಂಗಳದಲ್ಲಿ ತಾಲೀಮು ಶುರುಮಾಡಿದ. ಆ ಕಾರಿನ ಚಕ್ರ ಬಿಚ್ಚುವುದೆಂದರೆ ನಡುವಿನ ದೊಡ್ಡ ನಟ್ಟಿಗೆ ಮರದ ಸುತ್ತಿಗೆಯಿಂದ ಹೊಡೆಯಬೇಕು. ಬಲಗಡೆಯದು ಒಂದು ದಿಕ್ಕಿಗೆ ತಿರುಗಿದರೆ ಎಡಗಡೆಯದು ಅದರ ವಿರುದ್ಧ. ಗಡಿಬಿಡಿಯಲ್ಲಿ ಮರೆಯದಿರಲೆಂದು ಕಾಫಿ ಚೀಲಕ್ಕೆ ಗುರುತು ಹಾಕುವ ಕಪ್ಪು ಬಣ್ಣದಿಂದ ನಾಲ್ಕು ಚಕ್ರಕ್ಕೂ ಬಾಣ ಬರೆದ. ಜಾಕ್ ಇಟ್ಟ, ಎತ್ತಿದ, ಬಿಚ್ಚಿದ, ಹಾಕಿದ. ಮೊದಲನೇ ಸಲ ಮೂವತ್ತು ನಿಮಿಷ. ಐದನೇ ಸಲಕ್ಕೆ ಏಳು ನಿಮಿಷ.

ಸುತ್ತಿಗೆಯ ಸದ್ದಿಗೆ ಮೊದಲು ಬಂದವನು ಎದುರಿನ ಅಂಗಡಿಯ ಸಿದ್ದಣ್ಣ. ಶನಿವಾರಸಂತೆ ಕಡೆಯವನು, ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ. ತುಂಬ ಹೊತ್ತು ನೋಡಿದ ಮೇಲೆ, ಜಾಕ್ ಮಣ್ಣಲ್ಲಿ ಹೂತುಹೋದರೆ ಏನು ಗತಿ ಎಂದು ಕೇಳಿದ. ದೇರಪ್ಪನಿಗೆ ಅದು ಹೊಳೆದಿರಲಿಲ್ಲ. ಸಿದ್ದಣ್ಣ ಅಂಗಡಿಯಿಂದ ಒಂದು ಹಲಗೆ ತಂದುಕೊಟ್ಟ. ಆಮೇಲೆ ಎರಡು ದೊಡ್ಡ ಕಲ್ಲುಗಳನ್ನು ಉರುಳಿಸಿಕೊಂಡು ಬಂದ.

"ಇಳಿಜಾರಲ್ಲಿ ಪಂಚರ್ ಆದ್ರೆ ಕಾರು ಹಿಂದಕ್ಕೆ ಹೋಗ್ತದೆ ಕಣ್ರೀ ರೈಟ್ರೇ. ಚಕ್ರಕ್ಕೆ ಅಡ್ಡ ಇಡೋಕೆ ಕಲ್ಲು ಬೇಕೇ ಬೇಕು."

"ದಾರಿಯಲ್ಲಿ ಕಲ್ಲು ಸಿಗೋದಿಲ್ವಾ ಸಿದ್ದಣ್ಣ?"

"ಸಿಗ್ತದೆ. ನಿಮಗೆ ಬೇಕಾದಾಗ ಬೇಕಾದ ಅಳತೆದು ಸಿಗಾಕಿಲ್ಲ."

ಇದು ದೇರಪ್ಪನ ಮನಸ್ಸಿಗೆ ನಾಟಿತು. ಹೀಗೆ ಎಂಟು ಗಂಟೆಯ ಹೊತ್ತಿಗೆ ಕಾರಿನ ಪಕ್ಕ ಸೇರಿದ್ದು: ಜಾಕ್, ಸುತ್ತಿಗೆ, ಕೈಪಂಪು, ಟಯರ್ ಕಳಚುವ ಮೂರು ಪಟ್ಟಿ, ನಟ್ಟು ಬಿಚ್ಚುವ ಒಂದು ಹಳೇ ಪಾನಾ, ಪ್ಯಾಚ್ ಹಾಕಲು ಹಳೇ ಟ್ಯೂಬಿನ ತುಂಡು, ಅಂಟಿಸಲು ಸೊಲ್ಯೂಷನ್, ಉಜ್ಜಲು ಉಪ್ಪುಕಾಗದ, ತೂತು ಎಲ್ಲಿದೆಯೆಂದು ಮುಳುಗಿಸಿ ನೋಡಲು ಅಗಲವಾದ ಬೋಗುಣಿ, ಬೋಗುಣಿಗೆ ನೀರಿನ ಡಬ್ಬ, ಮಲಗಿ ನೋಡಲು ಗೋಣಿಚೀಲ, ಅಂಗಿಯ ಮೇಲೆ ಹಾಕಿಕೊಳ್ಳಲು ಇನ್ನೊಂದು ಅಂಗಿ, ಕೈ ತೊಳೆಯಲು ಸೋಪು, ಹಗ್ಗ, ಹಲಗೆ, ಕಲ್ಲು ಎರಡು. ಎಲ್ಲವನ್ನೂ ತುಂಬಿದಾಗ ಕಾರು ಹೊಟ್ಟೆ ನೆಲಕ್ಕೆ ಮುಟ್ಟಿಸಿ ಕೂತ ಬಾತುಕೋಳಿಯ ಹಾಗೆ ಕಂಡಿತು.

ಆಗ ದೇರಪ್ಪನ ಚಿಕ್ಕಮ್ಮ ಪೂವಮ್ಮ ಜರಿಯ ಸೀರೆ ಉಟ್ಟು, ಕೈಯಲ್ಲಿ ವೀಳ್ಯದ ಚೀಲ ಹಿಡಿದು ಹೊರಗೆ ಬಂದಳು. ಗಂಡಿನ ಕಡೆಯ ಹಿರಿಯಳಾಗಿ ಮಾತಾಡಲು ಅವಳು ಹೋಗುವುದೆಂದು ರಾತ್ರಿಯೇ ತೀರ್ಮಾನವಾಗಿತ್ತು. ಅವಳು ಕೂರಬೇಕಾದ ಸೀಟಿನಲ್ಲಿ ಕಲ್ಲುಗಳು ಕೂತಿದ್ದವು. ದೇರಪ್ಪ ಕಲ್ಲನ್ನು ಕೆಳಗಿಟ್ಟ. ಅಲ್ಲಿ ಹಲಗೆ ಇತ್ತು. ಹಲಗೆ ತೆಗೆದರೆ ಬೋಗುಣಿಗೆ ಜಾಗವಿಲ್ಲ. ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದೇ ಎಂದು ಚಿಕ್ಕಮ್ಮನನ್ನು ಕೇಳಿದ. ಅವಳು ಅವನನ್ನೊಮ್ಮೆ, ಬೋಗುಣಿಯನ್ನೊಮ್ಮೆ ನೋಡಿದಳು.

"ಹೆಣ್ಣು ನೋಡ್ಲಿಕ್ಕೆ ಕಲ್ಲು ಕರ್ಕೊಂಡು ಹೋಗ್ತೀಯ, ಚಿಕ್ಕಮ್ಮನನ್ನು ಮನೇಲಿ ಬಿಡ್ತೀಯ. ಹೋಗು ಮಾರಾಯ, ಅಲ್ಲಿ ಮಾತುಕತೆ ಆ ಕಲ್ಲೇ ಮಾಡ್ಲಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೇರಪ್ಪ ಒಬ್ಬನೇ ಹೊರಟ. ಇಪ್ಪತ್ತು ಚಿಲ್ಲರೆ ಮೈಲಿ ದಾರಿ. ಕಣ್ಣು ರಸ್ತೆಯ ಮೇಲೆ, ಕಿವಿ ಟಯರಿನ ಮೇಲೆ. ಪೊನ್ನಂಪೇಟೆಯ ಈಚೆ, ರಸ್ತೆ ಪಕ್ಕದಲ್ಲಿ ಎತ್ತುಗಳನ್ನು ಕೆಡವಿ ಲಾಳ ಕಟ್ಟುತ್ತಿದ್ದರು. ಸುತ್ತಲೂ ಮೊಳೆ. ದೇರಪ್ಪ ದೂರದಲ್ಲೇ ಕಾರು ನಿಲ್ಲಿಸಿ, ಇಳಿದು ಬಂದು, ಬಗ್ಗಿ ಒಂದೊಂದೇ ಮೊಳೆ ಆರಿಸತೊಡಗಿದ. ಮೊಳೆ ಕದಿಯುವ ಕೋಟುಧಾರಿಯನ್ನು ಲಾಳದವನು ಈ ಮೊದಲು ನೋಡಿರಲಿಲ್ಲ. ಅವನಿಗೆ ತಿಳಿಹೇಳಿ, ಆರಿಸಿದ ಮೊಳೆಗಳನ್ನು ಲೆಕ್ಕ ತಪ್ಪದೆ ವಾಪಸು ಕೊಟ್ಟು, ಮುಂದೆ ಹೋಗುವಾಗ ಹದಿನೈದು ನಿಮಿಷ ಕಳೆದಿತ್ತು. ಗೋಣಿಕೊಪ್ಪದಲ್ಲಿ ಪಂಪು ಕಂಡ ಸೈಕಲ್ಲಿನವರಿಬ್ಬರು ಅಡ್ಡ ಹಾಕಿ ಗಾಳಿ ತುಂಬಿಸಿಕೊಂಡರು. ಇಷ್ಟಾದರೂ ಆ ಕಾರು, ಹುಟ್ಟಿದ ಮೇಲೆ ಮೊದಲ ಬಾರಿಗೋ ಏನೋ, ಒಂದೂ ಪಂಚರ್ ಆಗದೆ ಹತ್ತೂ ಮುಕ್ಕಾಲಿಗೆ ಸುಬೇದಾರರ ಗೇಟಿನ ಮುಂದೆ ಬಂದು ನಿಂತಿತು. ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ. ದೇರಪ್ಪನಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕಿರಲಿಲ್ಲ.

ಸುಬೇದಾರ್ ಉತ್ತಯ್ಯ ಬಿಳೀ ಮೀಸೆಯ, ನೇರ ಬೆನ್ನಿನ ಮುದುಕ. ಗಡಿಯಾರ ನೋಡಿ, ಮೆಚ್ಚಿ ತಲೆಯಾಡಿಸಿ, ಜಗಲಿಯಲ್ಲಿ ಕೂರಿಸಿದರು. ಹೆಂಡತಿ ಕಾಫಿ, ಅಕ್ಕಿ ಕಡುಬು ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿದರು. ಒಳಗೆ ಬಳೆ ಸದ್ದಾಯಿತು. ದೇರಪ್ಪ ಕೋಟು ಸರಿಮಾಡಿಕೊಂಡ.

"ನಂಜಪ್ಪ ಎಲ್ಲಾ ಹೇಳಿದ್ದಾನೆ. ಆದ್ರೂ ನಿಮ್ಮ ಬಾಯಲ್ಲೇ ಕೇಳುವ ಅಂತ," ಎಂದರು ಸುಬೇದಾರರು. "ಮೂವತ್ತೇಳು, ಅಲ್ವಾ?"

ದೇರಪ್ಪನಿಗೆ ಚುಚ್ಚಿದಂತಾಯಿತು. ನಂಜಪ್ಪ ಐದು ವರ್ಷ ಸೇರಿಸಿ ಹೇಳಿದ್ದಾನಲ್ಲ. "ಇಲ್ಲ, ಮೂವತ್ತೆರಡು. ಬೇಕಾದ್ರೆ ಕಾಗದ ಪತ್ರ ತೋರಿಸ್ತೇನೆ."

"ಮೂವತ್ತೆರಡಾ?"

"ಮೂವತ್ತೆರಡೇ."

ಸುಬೇದಾರರು ಹೆಂಡತಿಯ ಮುಖ ನೋಡಿದರು. ವಯಸ್ಸು ಕಡಿಮೆಯೆಂದು ಖುಷಿಯಾಗಿರಬೇಕು ಎಂದುಕೊಂಡು ದೇರಪ್ಪ ಧೈರ್ಯವಾಗಿ ಕಡುಬಿಗೆ ಕೈ ಹಾಕಿದ. ಮೊದಲಿನಿಂದ ಯಾರ ಹತ್ತಿರ ಇದ್ದದ್ದು ಎಂದು ಕೇಳಿದರು. ದೊರೆಯ ಹತ್ತಿರವೇ, ಅವರು ಮಗನ ಹಾಗೆ ನೋಡಿಕೊಂಡರು ಎಂದ. ಕುಡಿಯುವುದು ಹೇಗೆ ಎಂದು ಕೇಳಿದರು. ಬಹಳ ಕಡಿಮೆ, ಹಬ್ಬದ ದಿನ ಮಾತ್ರ ಎಂದ.

"ಬೆಳಿಗ್ಗೆ ಚಳಿಗೆ ಏನಾದ್ರೂ ತೊಂದರೆ?"

"ಸ್ವಲ್ಪ ಕೆಮ್ಮು ಉಂಟು. ಬಿಸಿಲು ಬಂದ್ರೆ ಸರಿಯಾಗ್ತದೆ," ಎಂದು ದೇರಪ್ಪ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಸುಬೇದಾರರು ಎದ್ದು, ಒಂದು ಸಲ ಕಾರನ್ನೂ ನೋಡುವ ಎಂದರು. ಮಗಳನ್ನೂ ಕರೆದರು. ದಮಯಂತಿ ಹೊರಗೆ ಬಂದಳು. ಮದರಾಸಿನಲ್ಲಿ ಓದಿದ ಹುಡುಗಿ. ತಲೆ ತಗ್ಗಿಸಲಿಲ್ಲ, ನಾಚಲಿಲ್ಲ. ಅವಳು ದೇರಪ್ಪನಿಗೆ ಒಂದು ನಮಸ್ಕಾರ ಹಾಕಿ ನೇರವಾಗಿ ಕಾರಿನ ಹತ್ತಿರ ಹೋಗಿ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಎಂಥ ಗಂಭೀರ ಹುಡುಗಿ ಎಂದು ದೇರಪ್ಪನಿಗೆ ಮೆಚ್ಚುಗೆಯಾಯಿತು.

ಬಾಣದ ಗುರುತುಗಳು ಯಾಕೆ ಎಂದು ಸುಬೇದಾರರು ಕೇಳಿದರು. ದೇರಪ್ಪ ಇದೇ ಸಮಯಕ್ಕೆ ಕಾಯುತ್ತಿದ್ದ. ಸೈನ್ಯದ ಪಟ್ಟಾಳದಲ್ಲಿದ್ದವರಿಗೆ ಮುಂದಾಲೋಚನೆಯ ಬೆಲೆ ತಿಳಿಯದೇ? ಅವನು ಬಾಣ ವಿವರಿಸಿದ. ಆಮೇಲೆ ಸಾಮಾನುಗಳನ್ನು ಒಂದೊಂದಾಗಿ ಇಳಿಸಿ ಅಂಗಳದಲ್ಲಿ ಸಾಲಾಗಿ ಜೋಡಿಸಿದ. ಹಲಗೆ ಜಾಕ್ ಹೂತುಹೋಗದಿರಲು, ಕಲ್ಲು ಕಾರು ಜಾರದಿರಲು, ಬೋಗುಣಿ ತೂತು ಹುಡುಕಲು. ಯಾವ ಚಕ್ರವಾದರೂ ಏಳು ನಿಮಿಷದಲ್ಲಿ ಬಿಚ್ಚಿ ಹಾಕುತ್ತೇನೆ ಎಂದ. ಗೋಣಿಚೀಲದ ಮೇಲೆ ಮಲಗಿಯೂ ತೋರಿಸಿದ. ಅಪ್ಪ, ಅಮ್ಮ, ಮಗಳು ಮೂವರೂ ಅಂಗಳದ ತುಂಬ ಹರಡಿದ ಸಾಮಾನನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಮೂವರೂ ಒಳಗೆ ಹೋದರು.

ಸುಬೇದಾರರು ಒಬ್ಬರೇ ಹೊರಗೆ ಬಂದರು. ಬೇಸರ ಮಾಡಿಕೊಳ್ಳಬಾರದು, ಮಗಳು ಒಪ್ಪಲಿಲ್ಲ ಎಂದರು. ಮೂವತ್ತೆರಡು ಎಂದು ಕೇಳಿದಾಗಲೇ ತಮಗೂ ಬಹಳ ಹಳತಾಯಿತು ಅನ್ನಿಸಿತ್ತಂತೆ.

ದೇರಪ್ಪ ತನ್ನ ನೆತ್ತಿ ಸವರಿಕೊಂಡ. "ಮೂವತ್ತೆರಡು ಹಳತಾ?"

"ಮೂವತ್ತೆರಡನೇ ಇಸವಿ ಕಾರು ಅಂದ್ರೆ ಇಪ್ಪತ್ತು ವರ್ಷ ದಾಟ್ಲಿಲ್ವಾ ರೈಟರೇ?"

ದೇರಪ್ಪ ಅವರ ಮುಖವನ್ನೇ ನೋಡಿದ. "ಕಾರು ಮೂವತ್ತೇಳರದ್ದು. ನಾನು ಹೇಳಿದ್ದು ನನ್ನ ವಯಸ್ಸು."

"ನಿಮ್ಮ ವಯಸ್ಸು ನಾನು ಯಾಕೆ ಕೇಳ್ಲಿ?" ಎಂದು ಸುಬೇದಾರರು ನಿಜವಾಗಿಯೂ ಆಶ್ಚರ್ಯಪಟ್ಟರು.

ಮೂರು ತಿಂಗಳ ಹಿಂದೆ ತಾನು ಈ ಕಾರಿಗೇ ಒರಗಿ ನಿಂತು, ನಾಚಿಕೆಯಿಂದ ನೆಲ ನೋಡುತ್ತ, 'ನಂಜಪ್ಪಣ್ಣ, ಎಲ್ಲಾದ್ರೂ ಒಳ್ಳೇ ಮನೆ ಇದ್ರೆ ನೋಡಿ' ಎಂದದ್ದು ದೇರಪ್ಪನಿಗೆ ನೆನಪಾಯಿತು. ಯಾರಿಗೆ, ಯಾವುದಕ್ಕೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ನಂಜಪ್ಪ ಎದುರಿಗೆ ಕಂಡ ಕಾರಿಗೆ ಮನೆ ಹುಡುಕಿದ್ದ.

ಸುಬೇದಾರರು ಮೃದುವಾಗಿ ಮುಂದುವರಿಸಿದರು. ದಮಯಂತಿಗೆ ಮದುವೆ ಗೊತ್ತಾಗಿದೆ, ಅಳಿಯ ಸೈನ್ಯದಲ್ಲಿ ಕ್ಯಾಪ್ಟನ್, ಮಗಳಿಗೆ ಓಡಿಸಲು ಒಂದು ಪುಟ್ಟ ಕಾರು ಕೊಡಬೇಕೆಂದು ಆಸೆ. ಇಸವಿ ಏನೇ ಇರಲಿ, ಇಷ್ಟು ಸರಂಜಾಮು ಕಟ್ಟಿಕೊಂಡೇ ಹೊರಡಬೇಕಾದ ಕಾರನ್ನು ಮಗಳ ಕೈಗೆ ಹೇಗೆ ಕೊಡುವುದು? ಇವತ್ತು ಒಂದೂ ಪಂಚರ್ ಆಗಿಲ್ಲ ಎಂದು ದೇರಪ್ಪ ಕ್ಷೀಣ ದನಿಯಲ್ಲಿ ಹೇಳಿದ. ಅದನ್ನು ಆ ಅಂಗಳದಲ್ಲಿ, ಆ ಬೋಗುಣಿಯ ಪಕ್ಕದಲ್ಲಿ ನಿಂತು ಯಾರು ಹೇಳಿದ್ದರೂ ನಂಬುವಂತಿರಲಿಲ್ಲ. ತಾನು ಬಂದದ್ದು ಬೇರೆ ಕೆಲಸಕ್ಕೆ ಎಂದು ಮಾತ್ರ ಅವನು ಬಾಯಿ ಬಿಡಲಿಲ್ಲ.

ಸಾಮಾನು ತುಂಬಲು ಬಗ್ಗಿದಾಗ ಹನ್ನೆರಡು ಹೊಡೆಯಿತು. ಇನ್ನೊಂದು ಪಾರ್ಟಿ ಬಂತು. ಹಸಿರು ಬಣ್ಣದ ಹೊಳೆಯುವ ಕಾರು ಗೇಟಿನ ಹತ್ತಿರ ಕುಂಟುತ್ತ ಬಂದು, ಪಕ್ಕಕ್ಕೆ ವಾಲಿ ನಿಂತಿತು. ಮುಂದಿನ ಟಯರು ದೋಸೆಯಷ್ಟು ಚಪ್ಪಟೆ. ಅದರ ಮಾಲೀಕನ ಹತ್ತಿರ ಬದಲಿ ಚಕ್ರವೊಂದಿತ್ತು, ಆದರೆ ಜಾಕೂ ಇರಲಿಲ್ಲ, ಪಾನಾವೂ ಇರಲಿಲ್ಲ. ಎಲ್ಲರೂ ದೇರಪ್ಪನ ಕಡೆ ತಿರುಗಿದರು. ಅವನು ನೋಡದವನಂತೆ ಕಲ್ಲೆತ್ತಿದ. ಆಗ ದಮಯಂತಿ ಅಂದು ಮೊದಲ ಬಾರಿಗೆ ಅವನ ಹತ್ತಿರ ಬಂದು ಮಾತಾಡಿದಳು.

"ಅಣ್ಣ, ಸ್ವಲ್ಪ ನೋಡ್ತೀರಾ?"

ಆ 'ಅಣ್ಣ' ಕೇಳಿದ ಮೇಲೆ ಅಂಗಿಯ ಇಸ್ತ್ರಿಯನ್ನು ಉಳಿಸಿಕೊಂಡು ದೇರಪ್ಪ ಮಾಡುವಂಥದ್ದೇನೂ ಇರಲಿಲ್ಲ. ಅವನು ಹಲಗೆ ಹಾಕಿದ, ಕಲ್ಲು ಇಟ್ಟ, ಸುಬೇದಾರರು ಗಡಿಯಾರ ಹಿಡಿದು ನಿಂತರು. ಸಿದ್ದಣ್ಣನ ಕಲ್ಲು ಕದಲಲಿಲ್ಲ. ಪಟ್ಟಿಗಳ ನಡುವೆ ಇದ್ದ ಪಾನಾ ಅದೃಷ್ಟಕ್ಕೆ ಆ ಕಾರಿಗೂ ಸರಿಯಾಯಿತು. ಆರೂವರೆ ನಿಮಿಷದಲ್ಲಿ ಚಕ್ರ ಬದಲಾಯಿತು. ದಮಯಂತಿ ಹಸಿರು ಕಾರಿನಲ್ಲಿ ಪೇಟೆಯವರೆಗೆ ಹೋಗಿ ಬಂದು, ಇಳಿಯುವ ಮೊದಲೇ ಇದೇ ಇರಲಿ ಎಂದಳು.

ಸುಬೇದಾರರು ದೇರಪ್ಪನನ್ನು ಊಟ ಮಾಡಿಸದೆ ಬಿಡಲಿಲ್ಲ. ಕೈ ಹಿಡಿದು ಗೇಟಿನವರೆಗೆ ಬಂದರು. ಮದುವೆಗೆ ಮಡಿಕೇರಿ, ಮೈಸೂರು ಕಡೆಯಿಂದ ಏನಿಲ್ಲವೆಂದರೂ ಇಪ್ಪತ್ತು ಕಾರು ಬರುತ್ತವೆ, ರಸ್ತೆ ನೋಡಿದರೆ ಹೀಗಿದೆ, ಇಂಥ ಸಿದ್ಧತೆಯ ಮನುಷ್ಯನನ್ನು ತಾವು ಪಟ್ಟಾಳದಲ್ಲೂ ಕಂಡಿರಲಿಲ್ಲ. ಆದ್ದರಿಂದ ನಾಲ್ಕು ದಿನ ಮೊದಲೇ ಎಲ್ಲ ಸಾಮಾನಿನ ಸಮೇತ ಬಂದುಬಿಡಬೇಕು ಎಂದು ಮಾತು ತೆಗೆದುಕೊಂಡರು. ಯಾರಿಗೂ ಇಲ್ಲ ಎನ್ನಲು ದೇರಪ್ಪನಿಗೆ ಬರುತ್ತಿರಲಿಲ್ಲ.

ಸಂಜೆ ಅವನು ಅಂಗಳಕ್ಕೆ ಕಾರು ತಂದು ನಿಲ್ಲಿಸಿದಾಗ, ಸಿಟ್ಟನ್ನೆಲ್ಲ ಮರೆತ ಪೂವಮ್ಮ ಗೇಟಿನಲ್ಲೇ ಕಾದಿದ್ದಳು. ಹಿಂದೆ ಸಿದ್ದಣ್ಣ, ಅವನ ಹಿಂದೆ ಎಸ್ಟೇಟಿನ ಕೂಲಿ ಲೈನಿನ ಅರ್ಧ ಜನ.

"ಏನಂದ್ರು ದೇರಪ್ಪ? ಮದುವೆ ಮಾತು ಬಂತಾ?"

"ಬಂತು ಚಿಕ್ಕಮ್ಮ," ಎಂದ ದೇರಪ್ಪ ಸುಸ್ತಾಗಿ, ಬೋಗುಣಿ ಇಳಿಸುತ್ತ. "ಬರುವ ತಿಂಗಳು ಹದಿನೆಂಟಕ್ಕೆ ಮದುವೆ. ನಾನು ನಾಲ್ಕು ದಿನ ಮೊದಲೇ ಹೋಗ್ಬೇಕಂತೆ. ಆದ್ರೆ..."

ಆ 'ಆದ್ರೆ' ಯಾರಿಗೂ ಕೇಳಿಸಲಿಲ್ಲ. ಪೂವಮ್ಮ ಆಗಲೇ ದೇವರಿಗೆ ದೀಪ ಹಚ್ಚಲು ಓಡಿದ್ದಳು, ಸಿದ್ದಣ್ಣ ಅಂಗಡಿಯ ಬೆಲ್ಲದ ಡಬ್ಬ ತೆಗೆದು ಹಂಚಲು ಶುರುಮಾಡಿದ್ದ, ಲೈನಿನ ಕಡೆಯಿಂದ ಡೋಲಿನ ಸದ್ದು ಕೇಳತೊಡಗಿತ್ತು.