ಗಾಡಿ ಹೊಟ್ಟೆಯ ಟೊಕ್ ಟೊಕ್

ಸದ್ದು ದೊಡ್ಡದೇನಲ್ಲ. ಕದ ತಟ್ಟಲೋ ಬೇಡವೋ ಎಂದು ನಾಚುವ ನೆಂಟನ ಹಾಗೆ ಟೊಕ್ ಟೊಕ್ ಅನ್ನುತ್ತಿತ್ತು, ಅಷ್ಟೆ. ಗಾಡಿ ನಿಂತರೆ ನಿಲ್ಲುತ್ತಿತ್ತು, ಓಡಿದರೆ ಓಡುತ್ತಿತ್ತು. ಜನವಾಡದ ಮಡೆಪ್ಪನ ನಿದ್ದೆ ಕೆಡಿಸಲು ಅಷ್ಟು ಸಾಕಾಯಿತು.

ಅರ್ಧ ಕುರಿಹಿಂಡು ಮಾರಿ ಆತ ಭಾತಂಬ್ರಾದ ನರಸಿಂಗನಿಂದ ಈ ಹಳೇ ಪಿಕಪ್ ತಂದಿದ್ದ. ನಾಲ್ಕೂ ಗಾಲಿ ಎಳೆಯುವ ಗಾಡಿ. ಮಳೆಗಾಲದ ಎರೆಮಣ್ಣಿನಲ್ಲೂ ಹೂಳುವುದಿಲ್ಲ, ಔರಾದ ಸಂತೆಗೆ ಕುರಿ ಸಾಗಿಸಲು ಯಾರ ಕಾಲೂ ಹಿಡಿಯಬೇಕಿಲ್ಲ ಎಂದು ಅವನ ಲೆಕ್ಕ. ಕೀಲಿ ಕೊಡುವಾಗ ನರಸಿಂಗ ದೊಡ್ಡ ಮನಸ್ಸು ಮಾಡಿ ಹೇಳಿದ್ದ: "ಐತವಾರ ಹೊತ್ತ ಮುಳುಗೂತನಕ ಓಡಿಸಿ ನೋಡ್ರಿ. ಏನರ ಖೋಟ್ ಕಂಡ್ರ, ಇಂಥಾದ್ದು ಅಂತ ತೋರಸ್ರಿ, ಗಾಡಿ ಬಿಟ್ಟು ರೊಕ್ಕ ಒಯ್ರಿ. ಹೊತ್ತ ಮುಳುಗಿತಂದ್ರ ಮಾತು ಖಲಾಸ್."

ಇವತ್ತೇ ಆ ಐತವಾರ. ಸದ್ದು ಕೈಯಲ್ಲಿತ್ತು, ಖೋಟ್, ಅಂದರೆ ದೋಷ, ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಈ ಕರಾರಿನ ಬಗ್ಗೆ ಮಡೆಪ್ಪ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ತಾಯಿ ಪುತಳಾಬಾಯಿಯ ಮುಂದೆ ಗಾಡಿಯನ್ನು ಬಂಗಾರ ಎಂದು ಹೊಗಳಿದವನು ಈಗ ಯಾವ ಮುಖದಿಂದ ಹೇಳಬೇಕು?

ಮುಂಜಾನೆ ಗಾಡಿ ಚಾಲೂ ಮಾಡಿದ್ದೇ ತಡ, ಪಕ್ಕದ ಮನೆಯ ಅಶೋಕಕುಮಾರ ಹಾಜರಾದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ನೌಕರಿ ಹೋದರೂ ಸೀಟಿ ಕೊರಳಲ್ಲೇ ಉಳಿದಿತ್ತು.

"ಡ್ರೈವರ್ ಮಂದಿಗಿ ಏನ ತಿಳೀತದ ಮಡೆಪ್ಪಾ? ಅವರ ಲಕ್ಷ್ಯ ರಸ್ತಾದ ಮ್ಯಾಲ. ಗಾಡಿ ಹೊಟ್ಟಿ ಸಪ್ಪಳ ಕೇಳೋರು ನಾವು ಕಂಡಕ್ಟರ್. ನಾ ಹಿಂದ ನಿಂತು ಕೇಳ್ತೇನಿ, ನೀ ಬೀದರ ಕಡಿ ಹೊಡಿ."

ಹೊರಟರು. ಹಿಂದಿನಿಂದ ಒಂದು ಸೀಟಿ ಕೇಳಿತು. ಸದ್ದಿನ ಮೂಲ ಸಿಕ್ಕಿತೇನೋ ಎಂದು ಮಡೆಪ್ಪ ಬ್ರೇಕ್ ಒತ್ತಿದ. ಎರಡು ಸೀಟಿ ಬಂತು, ಮತ್ತೆ ಹೊರಟ. ಹೀಗೆ ಹತ್ತಾರು ಕಡೆ ಆದ ಮೇಲೆ ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಾಲಿಡಲು ಜಾಗವಿಲ್ಲ! ಬಸ್ ಸ್ಟಾಪ್ ಕಂಡಲ್ಲೆಲ್ಲ ಅಶೋಕಕುಮಾರನ ಬಾಯಿ ತಾನಾಗಿಯೇ ಸೀಟಿ ಊದಿತ್ತು, ಜನ ತಾವಾಗಿಯೇ ಹತ್ತಿದ್ದರು. "ಒಳಗ ಸರೀರಿ, ಒಳಗ ಸರೀರಿ," ಎಂದು ಆತ ಕೂಗುತ್ತಲೂ ಇದ್ದ.

ಹತ್ತಿದವರೆಲ್ಲ ಪುಕ್ಕಟೆ ಪ್ರಯಾಣದ ಋಣವನ್ನು ಸಲಹೆ ಕೊಟ್ಟು ತೀರಿಸಿದರು. ಒಬ್ಬ ಬೇರಿಂಗ್ ಅಂದ, ಇನ್ನೊಬ್ಬ ಜಾಯಿಂಟ್ ಅಂದ. ಅವರಲ್ಲೊಬ್ಬಳಾದ ನರ್ಸ್ ಮಹಾಮಾಯಾ ಚೀಲದಿಂದ ಸ್ಟೆತಾಸ್ಕೋಪ್ ತೆಗೆದು ಗಾಡಿಯ ತಳಕ್ಕೆ ಹಚ್ಚಿದಳು. ಎಲ್ಲರೂ ಉಸಿರು ಬಿಗಿಹಿಡಿದರು.

"ಬಡಿತ ಹದಕ್ಕದ," ಎಂದಳು. "ಆದ್ರ ಭಾಳ ಓಡಸಬ್ಯಾಡ್ರಿ ಅಣ್ಣಾರ. ವಯಸ್ಸಾಗ್ಯಾದ."

ಬೀದರಿನಲ್ಲಿ ಜನರನ್ನೆಲ್ಲ ಇಳಿಸಿ ಗಾಂಧಿ ಗಂಜಿನ ಹಿಂದಿನ ಗಲ್ಲಿಗೆ ಹೋದರು. ಅಲ್ಲಿ ಮಿಸ್ತ್ರಿ ಮಾಣಿಕನ ಗಾಡಿ ರಿಪೇರಿ ಅಂಗಡಿ. ಮಾಣಿಕ ಗಾಡಿಯನ್ನು ನ್ಯೂಟ್ರಲ್ ಮಾಡಿ ಉರುಳಿಸಿದ. ಟೊಕ್ ಟೊಕ್. ಮುಂದಿನ ಗಾಲಿಗಳ ಲಿವರ್ ಬಿಡಿಸಿ ಓಡಿಸಿದ. ಟೊಕ್ ಟೊಕ್. ಬಗ್ಗಿ ಕೆಳಗೆ ನೋಡಿದ. ಗಡ್ಡೆಗಟ್ಟಿದ ಕಪ್ಪು ಮಣ್ಣಿನ ಹೊರತು ಏನೂ ಕಾಣಲಿಲ್ಲ.

"ಹೊಲಾನೇ ಹೊತ್ಕೊಂಡ ಬಂದೀರಲ್ರೀ!"

"ತೊಳ್ಕೊಂಡ ಬರ್ಲೇನ್ರಿ?"

"ಬ್ಯಾಡ್ರಿ. ನನ್ನ ಕಿವಿ ಸಾಕು. ಇಂಜಿನ್ ಅಲ್ಲ, ಗೇರ್ ಅಲ್ಲ, ಮುಂದಿಂದೂ ಅಲ್ಲ. ಹಿಂದಿನ ಎರಡೂ ಗಾಲಿ ನಡುವಿನ ಡಿಫರೆನ್ಸಿಯಲ್ ಒಳಗ ಚಕ್ರದ ಹಲ್ಲ ಉದುರ್ಯಾವ. ನನ್ನ ಹೆಸರು ಹೇಳಿ ವಾಪಸ್ ಕೊಟ್ಟ ಬರ್ರಿ."

ಮಡೆಪ್ಪನಿಗೆ ಅಳುವಷ್ಟು ಖುಷಿಯಾಯಿತು. ಅಂತೂ ಖೋಟ್ ಸಿಕ್ಕಿತು, ಮಾರಿದ ಕುರಿಗಳ ದುಡ್ಡು ತಿರುಗಿ ಬರುತ್ತದೆ! ಅಶೋಕಕುಮಾರನ ಸೀಟಿಯನ್ನು ಕಸಿದು ಜೇಬಿಗಿಟ್ಟುಕೊಂಡು ಭಾಲ್ಕಿ ದಾರಿ ಹಿಡಿದ. ಭಾಲ್ಕಿಯ ರೈಲ್ವೆ ಗೇಟು ಬಿದ್ದಿತ್ತು. ಒಂದು ರೈಲು ಹೋಯಿತು, ಗೇಟು ಏಳಲಿಲ್ಲ; ಇನ್ನೊಂದು ಬರುವುದಿತ್ತು. ಸೂರ್ಯ ಯಾರಿಗೂ ಕಾಯದೆ ಇಳಿಯುತ್ತಿದ್ದ.

ಭಾತಂಬ್ರಾ ಮುಟ್ಟಿದಾಗ ಬಿಸಿಲು ಮಾಳಿಗೆ ಹತ್ತಿತ್ತು. ನರಸಿಂಗ ಕಟ್ಟೆಯ ಮೇಲೆ ಊರ ನಾಲ್ಕು ಮಂದಿಯೊಡನೆ ಚಹಾ ಕುಡಿಯುತ್ತಿದ್ದ.

"ಏನ್ರಿ ನರಸಿಂಗಪ್ಪಾ, ನಂಬಿದೋರ ಕುತ್ತಿಗಿ ಕೊಯ್ದಿರಲ್ರಿ!" ಇಳಿಯುತ್ತಲೇ ಮಡೆಪ್ಪ ಕೂಗಿದ. "ಡಿಫರೆನ್ಸಿಯಲ್ ಹೋದ ಗಾಡಿ ಗಂಟ ಹಾಕಿದ್ರಿ!"

ನರಸಿಂಗ ಸಿಟ್ಟಾಗಲಿಲ್ಲ. ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ, ಆಫ್ ಮಾಡಿ, ಬಕೆಟ್ ನೀರು ತರಿಸಿದ. ಗೋಣಿ ಹಾಸಿ ಕೆಳಗೆ ತೂರಿ ಮಣ್ಣು ತೊಳೆಯತೊಡಗಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದ 'ಟಣ್' ಎಂದಿತು.

ನರಸಿಂಗ ತೆವಳಿ ಹೊರಬಂದ. ಕೈಯಲ್ಲಿ ಒಂದು ಕಬ್ಬಿಣದ ಗಂಟೆ. ಟಗರಿನ ಕೊರಳಿಗೆ ಕಟ್ಟುವಂಥದು. ಗಾಡಿಯ ತಿರುಗುವ ಸರಳಿನ ಪಕ್ಕದಲ್ಲೇ ಯಾರೋ ಕಟ್ಟಿದ್ದರು. ಸರಳಿನ ಬೋಲ್ಟು ಸುತ್ತಿಗೊಮ್ಮೆ ಅದನ್ನು ಬಡಿಯುತ್ತಿತ್ತು; ಮಣ್ಣು ಮೆತ್ತಿದ್ದರಿಂದ ಟಣ್ ಬದಲು ಟೊಕ್ ಎನ್ನುತ್ತಿತ್ತು.

"ಗಾಡಿ ಮೇಯಲಿಕ್ಕಿ ಬಿಡ್ತೀರೇನ್ರಿ ಮಡೆಪ್ಪಾ? ಕಳೀತದಂತ ಗಂಟಿ ಕಟ್ಟೀರಿ?"

ಕಟ್ಟೆಯ ಮಂದಿ ಹೊಟ್ಟೆ ಹಿಡಿದು ನಕ್ಕರು. ಅಶೋಕಕುಮಾರನೂ ಆ ಕಡೆ ಸೇರಿಕೊಂಡು ನಕ್ಕ. ಮಡೆಪ್ಪ ಹಗ್ಗ ನೋಡಿದ. ಕುರಿ ಉಣ್ಣೆಯ ಹುರಿ, ಅವ್ವನ ಕೈಗಂಟು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳ್ಳೆಯ ಮನುಷ್ಯನನ್ನು ನಾಲ್ಕು ಮಂದಿಯ ಮುಂದೆ ಕಳ್ಳ ಎಂದುಬಿಟ್ಟನಲ್ಲ!

"ತಪ್ಪಾಯ್ತ್ರಿ. ಗಾಡಿ ಬಂಗಾರ ಅದ. ನಂದೇ ಅದ ಇನ್ನ. ಮಾತು ಮುಗೀತು," ಎಂದು ಕೈ ಮುಗಿದ. ಅತ್ತ ಹೊತ್ತೂ ಮುಳುಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಮಡೆಪ್ಪ ಮಡೆಪ್ಪನಾಗುತ್ತಿರಲಿಲ್ಲ. ಆಡಿದ ಮಾತಿಗೆ ಪ್ರಾಯಶ್ಚಿತ್ತ ಹುಡುಕುತ್ತಿದ್ದ ಅವನ ಕಣ್ಣಿಗೆ ಹಟ್ಟಿಯಲ್ಲಿದ್ದ ಎಮ್ಮೆ ಬಿತ್ತು. "ಕೊಡೋದೇನ್ರಿ?" ಎಂದ. ನರಸಿಂಗ ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿದ. ಉಳಿದ ಹಿಂಡಿನಲ್ಲಿ ಒಳ್ಳೆಯ ಟಗರುಗಳನ್ನು ಆರಿಸಿ ಕೊಡುವ ಮಾತಾಯಿತು. ಎಮ್ಮೆಯನ್ನು ಗಾಡಿಗೆ ಹತ್ತಿಸಿದ ಮೇಲೆ ನರಸಿಂಗ ಆ ಗಂಟೆಯನ್ನು ತಾನೇ ಅದರ ಕೊರಳಿಗೆ ಬಿಗಿದ. "ನಿಮ್ಮ ಗಂಟಿ ನಿಮ್ಮ ಮನಿಗೇ ಇರ್ಲಿ," ಎಂದು ಪ್ರೀತಿಯಿಂದ ಬೀಳ್ಕೊಟ್ಟ.

ದಾರಿಯುದ್ದಕ್ಕೂ ಗಂಟೆಯ ಟಣ್ ಟಣ್ ಬಿಟ್ಟು ಬೇರೆ ಸದ್ದಿಲ್ಲ. ಮಡೆಪ್ಪ ಸಮಾಧಾನದಿಂದ ಗುನುಗುತ್ತ ಮನೆ ಸೇರಿದ. ಅಶೋಕಕುಮಾರ ಎಮ್ಮೆಯನ್ನು ಇಳಿಸಿಕೊಟ್ಟು, ಸೀಟಿ ಇಸಿದುಕೊಂಡು ತನ್ನ ಮನೆಗೆ ಹೋದ.

ಅಂಗಳಕ್ಕೆ ಬಂದ ಪುತಳಾಬಾಯಿ ಗಂಟೆ ನೋಡಿ ಹಣೆ ಬಡಿದುಕೊಂಡಳು. "ಅಯ್ಯ, ಗಾಡಿ ಗಂಟಿ ಯಾಕ ಬಿಚ್ಚಿದ್ಯೋ?"

"ನೀ ಯಾಕ ಕಟ್ಟಿದಿ ಅದನ್ನ ಹೇಳವ್ವ ಮೊದಲು! ನನ್ನ ಮಾನ ಕಳದಿ!"

"ಮಾನ ಉಳೀಲಿ ಅಂತೇ ಕಟ್ಟೀನಿ. ನೀ ಗಾಡಿ ತಂದ ದಿನ ಹಾಡ ಹಾಕ್ಕೊಂಡು ಬಂದಿ, ನಿಂಗ ಕೇಳಿಲ್ಲ. ನಂಗ ಕೇಳ್ತು. ಹಿಂದ ಹೊಟ್ಟ್ಯಾಗ ಬೀಸೂ ಕಲ್ಲಿನಂಗ ಗುರ್ ಅಂತಿತ್ತು. ಓಣಿ ಮಂದಿ ನಗಬಾರದಂತ ಕಟ್ಟಿದೆ. ಕೆಮ್ಮೂ ಟಗರಿಗಿ ಗಂಟಿ ಕಟ್ಟೇ ಅಲ್ಲೇನು ನಿಮ್ಮಪ್ಪ ಔರಾದ ಸಂತಿಗಿ ಒಯ್ತಿದ್ದ? ಗಂಟಿ ಸಪ್ಪಳದಾಗ ಕೆಮ್ಮು ಯಾರಿಗಿ ಕೇಳ್ತದ?"

"ನಂಗರ ಹೇಳಬಾರದೇನು? ಇವತ್ತ ವಾಪಸ್ ಕೊಡೋ ಕರಾರಿತ್ತವ್ವ!"

"ಕರಾರ ಅದ ಅಂತ ನೀ ನಂಗ ಹೇಳಿದೇನು?"

ಪುತಳಾಬಾಯಿ ಎಮ್ಮೆಯ ಕೊರಳಿನ ಗಂಟೆಯನ್ನು ಅಲುಗದಂತೆ ಮುಷ್ಟಿಯಲ್ಲಿ ಹಿಡಿದಳು. "ಈಗ ಗಾಡಿ ಒಂದೀಟ ಹಿಂದ ಮುಂದ ಮಾಡಿ ಕೇಳು."

ಮಾಡಿದ. ಹಿಂದಿನ ಗಾಲಿಗಳ ನಡುವಿನಿಂದ ಗುರ್ರ್ ಎಂದು ಕಲ್ಲು ಬೀಸಿದ ಸದ್ದು ಬಂತು. ಮಾಣಿಕ ಹೇಳಿದ ಖೋಟ್ ಖರೆಯಾಗಿತ್ತು, ಅವನು ಕೇಳಿದ ಸದ್ದು ಮಾತ್ರ ಬೇರೆಯದಾಗಿತ್ತು. ಮಡೆಪ್ಪ ಗಾಡಿ ಆಫ್ ಮಾಡಿ ಸ್ಟೇರಿಂಗಿಗೆ ಹಣೆ ಹಚ್ಚಿ ಕುಳಿತ. ಆಮೇಲೆ ತಲೆಯೆತ್ತಿ ಎಮ್ಮೆಯ ಕಡೆ ನೋಡಿದ.

"ಹೋಗ್ಲಿ ಬಿಡವ್ವ. ಎಮ್ಮಿ ಅಂತೂ ಛಲೋ ಸಿಕ್ತು."

ಗಂಟೆ ಇನ್ನೂ ಮುದುಕಿಯ ಮುಷ್ಟಿಯಲ್ಲೇ ಇತ್ತು. ಎಮ್ಮೆ ಕತ್ತು ಮುಂದೆ ಚಾಚಿ ಕೆಮ್ಮಿತು.