ಹಿರಿಯನಾಗುವ ಆಸೆ

ಹೊಟ್ಟೆಕಿಚ್ಚಿಗೆ ಭಾನುವಾರವೂ ರಜೆಯಿಲ್ಲ. ಬೇರೆಯವರ ಕಾರು, ಬೇರೆಯವರ ಮನೆ ಕಂಡು ನನಗೆ ಹೊಟ್ಟೆ ಉರಿದದ್ದು ಕಡಿಮೆ. ಆ ಮಟ್ಟಿಗೆ ನಾನು ಭಕ್ತನೇ. ಆದರೆ ಬೇರೆಯವರ ಭಕ್ತಿ ಕಂಡರೆ ಮಾತ್ರ ತಡೆಯಲಾಗುವುದಿಲ್ಲ. ಅದರಲ್ಲೂ ಆ ಬೇರೆಯವನು ಹೆಂಡತಿಯ ತಮ್ಮನಾಗಿದ್ದರೆ ಕೇಳಲೇಬೇಡಿ.

ಮಧುಗಿರಿಯ ನಮ್ಮ ಪುಟ್ಟ ಸಭೆಯಲ್ಲಿ ಈ ಬೇಸಿಗೆ ಪಾಸ್ಟರ್ ಗಂಡಸರಿಗೆಂದೇ ಪಾಠ ನಡೆಸಿದರು. ಕ್ರಿಸ್ತನಲ್ಲಿ ಗಂಡಸು ಮೊದಲು ಮಗು, ಆಮೇಲೆ ಯುವಕ, ಆಮೇಲೆ ತಂದೆ, ಕಡೆಗೆ ಹಿರಿಯ. ಮೀಸೆ ತಾನಾಗಿ ಬರುತ್ತದೆ, ಗಂಡಸುತನ ಬರುವುದಿಲ್ಲ, ಅದನ್ನು ಸೇವೆ ಮಾಡಿಯೇ ಸಂಪಾದಿಸಬೇಕು ಎಂದರು. ನಾನು ಫ್ಯಾನಿನ ಕೆಳಗೆ ಕೂತು ನನ್ನನ್ನೇ ಅಳೆದುಕೊಂಡೆ. ಮಗುತನ ಮುಗಿದಿದೆ, ಹೆಂಡತಿಗೆ ಅನುಮಾನವಿದೆ, ಇರಲಿ. ಯೌವನ ಮುಗಿದದ್ದಕ್ಕೆ ನನ್ನ ತಲೆಯೇ ಸಾಕ್ಷಿ. ತಂದೆಯಾಗಿ ಮಗಳ ಮದುವೆಯನ್ನೂ ಮಾಡಿದ್ದೇನೆ. ಇನ್ನು ಉಳಿದದ್ದು ಹಿರಿಯನಾಗುವುದೊಂದೇ. ಅದಕ್ಕೆ ಸರಿಯಾಗಿ ಸಭೆಯ ಹಿರಿಯರ ಸ್ಥಾನವೊಂದು ಖಾಲಿಯಿತ್ತು: ಮುಂದಿನ ಸಾಲು, ಕೈಯಿರುವ ಕುರ್ಚಿ. ಬಿಳಿ ಷರ್ಟನ್ನು ಇಸ್ತ್ರಿಗೆ ಕೊಟ್ಟೆ.

ಪಾಸ್ಟರ್ ಕರೆದದ್ದು ನನ್ನ ಭಾಮೈದ ದಾನಿಯೇಲನ ಹೆಸರನ್ನು! ಮೊನ್ನೆ ಮೊನ್ನೆ ಪಾವಗಡದಿಂದ ಬಂದವನು. ಅವನ ಪ್ರಾರ್ಥನೆ ಕನ್ನಡದಲ್ಲಿ ಹೊರಟು ಅರ್ಧ ದಾರಿಯಲ್ಲಿ ತೆಲುಗಿಗೆ ತಿರುಗಿಕೊಳ್ಳುತ್ತದೆ. ಅವನು ಕಡಿದು ಕಟ್ಟೆ ಹಾಕಿದ್ದಾದರೂ ಏನು? ಆರಾಧನೆಯ ನಂತರ ಎಲ್ಲರೂ ಉಂಡ ತಟ್ಟೆ ತೊಳೆಯುತ್ತಾನೆ, ಕಾಯಿಲೆಯವರನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಅಷ್ಟೇ ತಾನೇ! ನಾನು ಎಲ್ಲರಿಗಿಂತ ಗಟ್ಟಿಯಾಗಿ “ಸ್ತೋತ್ರ!” ಎಂದೆ. ಹೊಟ್ಟೆಯೊಳಗೆ ಒಲೆ ಹೊತ್ತಿತ್ತು.

ಮನೆಗೆ ಬಂದು ಊಟ ಬೇಡವೆಂದು ಜಗುಲಿಯಲ್ಲಿ ಕೂತೆ. ಅಕ್ಕಿ ಕೇರುತ್ತಿದ್ದ ಪಕ್ಕದ ಮನೆಯ ಪುಟ್ಟಮ್ಮ ನನ್ನ ಹೆಂಡತಿಯನ್ನು ಕೇಳಿದರು: “ಯಾಕ್ ಗ್ರೇಸಮ್ಮ, ಯಜಮಾನ್ರು ಇಂಗ್ ಕುಂತವ್ರೆ?”

“ಏನಿಲ್ಲ ಕಣಮ್ಮ, ಹಿರಿಯರಾಗ್ಬೇಕು ಅಂತ ಆಸೆಪಟ್ಟಿದ್ರು. ಈ ಸಲ ಆಗ್ಲಿಲ್ಲ.”

ಪುಟ್ಟಮ್ಮನ ಕೈಯ ಮೊರ ಕೆಳಗೆ ಬಿತ್ತು. “ಬುಡ್ತು ಅನ್ನಮ್ಮ, ಬುಡ್ತು ಅನ್ನು! ಹಿರೇರಾಗೋ ವಯಸ್ಸಾ ಅವ್ರುದು? ಅಲ್ಲ ಸ್ವಾಮಿ, ಸಾಯೋ ಅಂಥಾ ಕಷ್ಟ ಏನ್ ಬಂತು ನಿಮ್ಗೆ?”

ಪುಟ್ಟಮ್ಮನ ಮನೆಯಲ್ಲಿ ಹಿರಿಯರು ಎಂದರೆ ತೀರಿಕೊಂಡವರು. ಪಿತೃಪಕ್ಷದಲ್ಲಿ ಎಡೆ ಇಡುವುದು ಅವರಿಗೇ. ಹೆಂಡತಿ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಮ್ಮ ಗೆದ್ದ ಖುಷಿಯೂ ಅದರಲ್ಲಿ ಸೇರಿತ್ತೆಂದು ನನ್ನ ಗುಮಾನಿ.

ಪಾಸ್ಟರಿಗೆ ಇದನ್ನು ತಮಾಷೆಯೆಂಬಂತೆ ಹೇಳಿದೆ. ನನ್ನ ನೋವು ತಿಳಿದು ಕರಗಲಿ ಎಂಬ ಆಸೆಯೂ ಇತ್ತು. ಅವರು ಕರಗಲಿಲ್ಲ. “ಆಯಮ್ಮ ಹೇಳಿದ್ದೇ ಸರಿ ಬ್ರದರ್. ಒಳಗಿರೋ ‘ನಾನು’ ಸಾಯ್ದೆ ಯಾರೂ ಹಿರಿಯರಾಗಲ್ಲ. ಬೇಸಿಗೆಯೆಲ್ಲ ನಾನು ಬಡ್ಕೊಂಡಿದ್ದೂ ಅದನ್ನೇ” ಎಂದರು.

ಸರಿ, ಸಾಯುವುದೆಂದೇ ನಿಶ್ಚಯಿಸಿದೆ. ಮುಂದಿನ ಭಾನುವಾರ ಪಂಚೆ ಎತ್ತಿ ಕಟ್ಟಿ ತಟ್ಟೆ ತೊಳೆಯಲು ನಿಂತೆ. ಪಾಸ್ಟರಿಗೆ ಚೆನ್ನಾಗಿ ಕಾಣುವ ನಲ್ಲಿಯನ್ನೇ ಆರಿಸಿಕೊಂಡಿದ್ದೆ. ಅವರು ಬಾಗಿಲಿಗೆ ಬರುವುದಕ್ಕೂ ದಾನಿಯೇಲ ಓಡಿ ಬರುವುದಕ್ಕೂ ಸರಿಹೋಯಿತು. “ಅಯ್ಯೋ ಭಾವಾ, ಮೀಕೆಂದುಕು ಈ ಕೆಲ್ಸ? ಕೊಡಿ ಇಲ್ಲಿ” ಎಂದು ತಟ್ಟೆ ಕಿತ್ತುಕೊಂಡ. ಪಾಸ್ಟರ್ ಕಂಡದ್ದು ಅವನ ಕೈಯ ತಟ್ಟೆಯನ್ನು. “ಹಿರಿಯರು ಅಂದ್ರೆ ಹಿಂಗಿರಬೇಕು!” ಎಂದರು.

ಎಂಜಲು ತಟ್ಟೆಗೂ ಹೊಟ್ಟೆ ಉರಿಸಿಕೊಂಡು ಮನೆಗೆ ಬಂದೆ. ಪುಟ್ಟಮ್ಮ ಹೆದರಬೇಕಾಗಿಲ್ಲ. ನನ್ನೊಳಗಿನ ‘ನಾನು’ ಮಧುಗಿರಿ ಬೆಟ್ಟದ ಹಾಗೆ ಗಟ್ಟಿಯಾಗಿದ್ದಾನೆ. ಎಡೆ ಇಡುವ ಕಾಲ ಸದ್ಯಕ್ಕೆ ಬರುವಂತಿಲ್ಲ.